ತಮ್ಮನ ಕಾಲು, ಅತ್ತೆಯ ಸಾವು

ನನ್ನ ತಮ್ಮನ ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಸಾಲುಗಳು ದಪ್ಪಕ್ಷರಗಳಲ್ಲಿ ಮುದ್ರಿತವಾಗಿದ್ದವು: ಪ್ರೋಟೀನ್ ಸಿ ಶೇ. 44, ಪ್ರೋಟೀನ್ ಎಸ್ ಶೇ. 29. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಈ ಎರಡೂ ಪಕ್ಕದ ಅಂಕಣದಲ್ಲಿ ಕೊಟ್ಟಿದ್ದ ಸಹಜ ಮಟ್ಟಕ್ಕಿಂತ ಬಹಳ ಕೆಳಗಿದ್ದವು. ಮಗನ ರಕ್ತದಲ್ಲಿ ಹುಟ್ಟಿನಿಂದಲೇ ಎರಡೆರಡು ದೋಷಗಳಿವೆ ಎಂದು ಅಮ್ಮ ಊಟ, ನಿದ್ದೆ ಬಿಟ್ಟಿದ್ದರು. ರಕ್ತರೋಗ ತಜ್ಞೆ ಆ ಹಾಳೆಯನ್ನು ಒಮ್ಮೆ ಓದಿ ಪಕ್ಕಕ್ಕಿಟ್ಟು, "ರಕ್ತ ತೆಗೆದ ದಿನ ನೀವು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಿರಾ?" ಎಂದು ತಮ್ಮನನ್ನು ಕೇಳಿದರು. ವಾರ್ಫರಿನ್ ಎಂದರೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ. ಅವನು ಹೌದೆಂದ. "ಹಾಗಾದರೆ ಇದು ಮಾತ್ರೆ ಕೆಲಸ ಮಾಡುತ್ತಿದೆ ಎನ್ನುವುದನ್ನಷ್ಟೇ ಹೇಳುತ್ತದೆ. ನಿಮ್ಮ ಬಗ್ಗೆ ಇನ್ನೂ ಏನನ್ನೂ ಹೇಳುವುದಿಲ್ಲ" ಎಂದರು.

ಅದಕ್ಕೆ ಕೆಲವು ವಾರಗಳ ಹಿಂದೆ, 38ನೆಯ ವಯಸ್ಸಿನಲ್ಲಿ, ತಮ್ಮನ ಎಡಗಾಲು ಒಂದೇ ರಾತ್ರಿಯಲ್ಲಿ ತೊಡೆಯವರೆಗೆ ಬಾತುಕೊಂಡಿತ್ತು. ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ದೀರ್ಘ ಪ್ರಯಾಣ, ಹಾಸಿಗೆ ಹಿಡಿಯುವಂಥ ಕಾಯಿಲೆ ಯಾವುದೂ ಇರಲಿಲ್ಲ. ರಕ್ತನಾಳಗಳ ಸ್ಕ್ಯಾನ್ ಮಾಡುವ ಡಾಪ್ಲರ್ ಕೋಣೆಯಲ್ಲಿ ನಾನೂ ಜೊತೆಗಿದ್ದೆ. ಸ್ಕ್ಯಾನ್ ಮಾಡುವವರು ಮೊದಲು ಬಲತೊಡೆಯ ಮೇಲೆ ಉಪಕರಣವನ್ನು ಒತ್ತಿದಾಗ ಪರದೆಯ ಮೇಲಿನ ಎರಡು ಕಪ್ಪು ವೃತ್ತಗಳಲ್ಲಿ ಒಂದು ಚಪ್ಪಟೆಯಾಗಿ ಮಾಯವಾಯಿತು, ಇನ್ನೊಂದು ಮಿಡಿಯುತ್ತಲೇ ಇತ್ತು. ಮಾಯವಾದದ್ದು ಅಭಿಧಮನಿ, ಉಳಿದದ್ದು ಅಪಧಮನಿ. ಆರೋಗ್ಯವಾದ ಅಭಿಧಮನಿ ಒತ್ತಿದರೆ ಮುಚ್ಚಿಕೊಳ್ಳಬೇಕು. ಎಡತೊಡೆಯಲ್ಲಿ ಎಷ್ಟು ಒತ್ತಿದರೂ ಎರಡು ವೃತ್ತಗಳೂ ಹಾಗೆಯೇ ಉಳಿದವು; ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಕಿಬ್ಬೊಟ್ಟೆಯಲ್ಲಿ ಬಲಗಾಲಿನ ಅಪಧಮನಿ ಎಡಗಾಲಿನ ಅಭಿಧಮನಿಯ ಮೇಲೆ ಹಾದುಹೋಗುವುದರಿಂದ ಹೆಪ್ಪು ಎಡಗಾಲಿನಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು ಎಂದು ಆಮೇಲೆ ತಿಳಿಯಿತು. ಆದರೆ ಕಾಲು ಎಡವೇಕೆ ಎನ್ನುವುದಕ್ಕಷ್ಟೇ ಅದು ಉತ್ತರ. ಅವನಿಗೇ ಏಕೆ ಎನ್ನುವುದು ಬಾಕಿಯಿತ್ತು.

ವಾರ್ಫರಿನ್ ವಿಷಯವನ್ನು ವೈದ್ಯೆ ಬಿಡಿಸಿ ಹೇಳಿದರು. ರಕ್ತವನ್ನು ಹೆಪ್ಪುಗಟ್ಟಿಸುವ ಹಲವು ಅಂಶಗಳು ಯಕೃತ್ತಿನಲ್ಲಿ ತಯಾರಾಗಲು ವಿಟಮಿನ್ ಕೆ ಬೇಕು. ವಾರ್ಫರಿನ್ ಅದಕ್ಕೇ ಅಡ್ಡಿಪಡಿಸುತ್ತದೆ. ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಮತ್ತು ಎಸ್ ಕೂಡ ಅದೇ ವಿಟಮಿನ್ನನ್ನು ನೆಚ್ಚಿಕೊಂಡಿರುವುದರಿಂದ ಅವೂ ಇಳಿಯುತ್ತವೆ. ಅದರಲ್ಲೂ ಪ್ರೋಟೀನ್ ಸಿ ಬಹಳ ಬೇಗ ಇಳಿಯುವುದರಿಂದ ಮಾತ್ರೆ ಆರಂಭಿಸಿದ ಮೊದಲ ದಿನಗಳಲ್ಲಿ ರಕ್ತ ಇನ್ನಷ್ಟು ಹೆಪ್ಪುಗಟ್ಟುವ ಅಪಾಯವಿರುತ್ತದೆ. ತಮ್ಮನಿಗೆ ಮಾತ್ರೆಯ ಜೊತೆಗೆ ಹೊಟ್ಟೆಯ ಚರ್ಮಕ್ಕೆ, ಬೇಗನೆ ಹೆಪ್ಪನ್ನು ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಟ್ಟದ್ದರ ಕಾರಣ ನನಗೆ ಆಗ ಅರ್ಥವಾಯಿತು. ಇಷ್ಟಲ್ಲದೆ, ಹೊಸದಾಗಿ ಹೆಪ್ಪಾದ ಸಮಯದಲ್ಲಿ ಈ ಪ್ರೋಟೀನುಗಳು ಬಳಕೆಯಾಗಿಯೂ ಕಡಿಮೆಯಾಗಬಹುದು. ಯಾವ ಪರೀಕ್ಷೆಯನ್ನು ಯಾವಾಗ ಮಾಡಬಾರದು ಎಂಬ ತಿಳಿವಳಿಕೆಯಿಲ್ಲದೆ ಇಡೀ ಪಟ್ಟಿಯನ್ನು ಒಂದೇ ಕಂತಿನಲ್ಲಿ ಮುಗಿಸುವ ರೂಢಿ ರೋಗಿಗೆ ಮಾಡುವ ಉಪಕಾರವೇನೂ ಅಲ್ಲ ಎಂದು ನನಗನ್ನಿಸುತ್ತದೆ.

ಬಳಿಕ ಅವರು ಖಾಲಿ ಹಾಳೆಯೊಂದನ್ನು ತೆಗೆದುಕೊಂಡು ಕೆಳಭಾಗದಲ್ಲಿ ಒಂದು ಚೌಕ ಬರೆದರು. ಅದು ತಮ್ಮ. ಪಕ್ಕದ ವೃತ್ತ ನಾನು. ಮೇಲಿನ ಸಾಲಿನಲ್ಲಿ ಅಪ್ಪ, ಅಮ್ಮ, ಅವರ ಒಡಹುಟ್ಟಿದವರು. ತೀರಿಕೊಂಡವರ ಮೇಲೆ ಒಂದು ಓರೆಗೆರೆ. "ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ?" ಎಂದು ಕೇಳಿದಾಗ ಅಮ್ಮ ಇಲ್ಲವೆಂದರು. ಪ್ರಶ್ನೆಯ ರೂಪ ಬದಲಾಯಿತು. ಯಾರಿಗಾದರೂ ಒಂದೇ ಕಾಲು ಊದಿಕೊಂಡು ಬಹುಕಾಲ ಹಾಗೆಯೇ ಉಳಿದಿತ್ತೇ? ಬಾಣಂತನದಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ? ಪದೇಪದೇ ಗರ್ಭಪಾತ? ವಯಸ್ಸಲ್ಲದ ವಯಸ್ಸಿನಲ್ಲಿ ಹಠಾತ್ ಸಾವು? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಪ್ಪನ ಬಲಗಾಲಿನ ಹರಡಿನ ಮೇಲೆ ಕಂದುಗಪ್ಪು ಕಲೆಯೊಂದಿತ್ತು; ಅಲ್ಲಿ ಆಗಾಗ ಹುಣ್ಣಾಗಿ ತಿಂಗಳುಗಟ್ಟಲೆ ಮಾಯುತ್ತಿರಲಿಲ್ಲ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ಆ ಕಾಲು ಊದಿಕೊಂಡಿತ್ತಂತೆ. ಅಪ್ಪನ ತಂಗಿ, ನಮ್ಮ ಸೋದರತ್ತೆ, ಹೆರಿಗೆಯಾದ ಮರುವಾರ ಎದ್ದು ನಿಲ್ಲುತ್ತಿದ್ದಂತೆಯೇ ಉಸಿರಿಗಾಗಿ ಒದ್ದಾಡಿ ಪ್ರಾಣಬಿಟ್ಟಿದ್ದರು. ಮನೆಯಲ್ಲಿ ಅದನ್ನು ಹೃದಯದ ಕಾಯಿಲೆ ಎಂದೇ ಹೇಳಿಕೊಂಡು ಬರಲಾಗಿತ್ತು.

ವೈದ್ಯೆ ಅಪ್ಪನ ಚೌಕವನ್ನೂ ಅತ್ತೆಯ ವೃತ್ತವನ್ನೂ ಅರ್ಧ ತುಂಬಿ, ಎರಡರ ಪಕ್ಕದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇವೆರಡನ್ನೂ ಇನ್ನು ಸಾಬೀತುಪಡಿಸಲಾಗದು. ಆದರೆ ಕಾಲಿನ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಸಾವು ಹೀಗೆಯೇ ಬರುತ್ತದೆ, ಮತ್ತು ಹೆರಿಗೆಯ ನಂತರದ ಆರು ವಾರಗಳು ಅದಕ್ಕೆ ಅತ್ಯಂತ ಅಪಾಯದ ಕಾಲ ಎಂದರು. ದಪ್ಪಕ್ಷರದ ವರದಿಗಿಂತ ಈ ಪೆನ್ನಿನ ಗೀರುಗಳಿಗೇ ಅವರು ಹೆಚ್ಚು ಬೆಲೆ ಕೊಡುತ್ತಿದ್ದುದು ಕಾಣುತ್ತಿತ್ತು.

ಅದೇ ವರದಿಯಲ್ಲಿ ಮಾತ್ರೆಯಿಂದ ಕೆಡದ ಎರಡು ಸಾಲುಗಳೂ ಇದ್ದವು. ಹೆಪ್ಪುಗಟ್ಟಿಸುವ ಅಂಶಗಳಾದ ಫ್ಯಾಕ್ಟರ್ ಐದರ ಲೈಡನ್ ರೂಪಾಂತರ ಮತ್ತು ಪ್ರೋಥ್ರಾಂಬಿನ್ ವಂಶವಾಹಿಯ ಬದಲಾವಣೆಯನ್ನು ಡಿಎನ್‌ಎಯಲ್ಲೇ ನೋಡುವುದರಿಂದ ಯಾವ ಔಷಧಿ ನಡೆಯುತ್ತಿದ್ದರೂ ಉತ್ತರ ಬದಲಾಗುವುದಿಲ್ಲ. ತಮ್ಮನಲ್ಲಿ ಎರಡೂ ಇರಲಿಲ್ಲ. ಮೊದಲನೆಯದು 1994ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಪತ್ತೆಯಾದ ಕಾರಣ ಆ ಹೆಸರು ಪಡೆಯಿತು. ಸಹಜವಾಗಿ ಪ್ರೋಟೀನ್ ಸಿ ಎನ್ನುವುದು ಪ್ರೋಟೀನ್ ಎಸ್‌ನ ನೆರವಿನಿಂದ ಫ್ಯಾಕ್ಟರ್ ಐದನ್ನು ಕತ್ತರಿಸಿ ಹೆಪ್ಪುಗಟ್ಟುವಿಕೆಯನ್ನು ನಿಲ್ಲಿಸುತ್ತದೆ. ಕತ್ತರಿ ಬೀಳಬೇಕಾದ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದರೆ ಆ ಕತ್ತರಿ ಸರಿಯಾಗಿ ನಾಟುವುದಿಲ್ಲ. ಯುರೋಪಿಯನ್ ಮೂಲದವರಲ್ಲಿ ಸುಮಾರು ಶೇ. 5ರಷ್ಟು ಮಂದಿಯಲ್ಲಿ ಇದು ಇದೆ, ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ಹೆಪ್ಪಾಗುವುದಿಲ್ಲ. ವೈದ್ಯೆ ತಮ್ಮನ ರಕ್ತದ ಗುಂಪನ್ನೂ ಬರೆದುಕೊಂಡದ್ದು ನನಗೆ ವಿಚಿತ್ರವೆನಿಸಿತು. ಒ ಗುಂಪಿನವರಲ್ಲಿ ಹೆಪ್ಪುಗಟ್ಟಿಸುವ ಇನ್ನೊಂದು ಅಂಶವಾದ ಫ್ಯಾಕ್ಟರ್ ಎಂಟು ಮತ್ತು ಅದನ್ನು ಹೊತ್ತು ತಿರುಗುವ ವಾನ್ ವಿಲ್ಲೆಬ್ರಾಂಡ್ ಅಂಶ ಕಡಿಮೆಯಿರುವುದರಿಂದ ಅವರಿಗೆ ಹೋಲಿಸಿದರೆ ಉಳಿದ ಗುಂಪಿನವರಿಗೆ ಈ ಅಪಾಯ ಸುಮಾರು ಎರಡು ಪಟ್ಟು ಇರುತ್ತದಂತೆ. ತಮ್ಮನದು ಬಿ.

ಹುಟ್ಟಿನಿಂದ ಬರದೆ ನಡುವೆ ಸೇರಿಕೊಳ್ಳುವ ಕಾರಣಗಳೂ ಇವೆ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ತನ್ನ ವಿರುದ್ಧವೇ ತಯಾರಿಸುವ ಫಾಸ್ಫೋಲಿಪಿಡ್ ವಿರೋಧಿ ಪ್ರತಿಕಾಯಗಳು ಅವುಗಳಲ್ಲಿ ಮುಖ್ಯವಾದವು. ಒಮ್ಮೆ ಕಂಡುಬಂದರೆ 12 ವಾರ ಕಳೆದು ಮತ್ತೆ ನೋಡಿಯೇ ಖಚಿತಪಡಿಸುತ್ತಾರೆ. ತಮ್ಮನಲ್ಲಿ ಅವು ಕಾಣಲಿಲ್ಲ.

ಆರು ತಿಂಗಳ ಚಿಕಿತ್ಸೆಯ ನಂತರ ವಾರ್ಫರಿನ್ ನಿಲ್ಲಿಸಿ, ಆ ಅವಧಿಗೆ ರಕ್ಷಣೆಯಾಗಿ ಮತ್ತೆ ಹೆಪಾರಿನ್ ಚುಚ್ಚುಮದ್ದು ಕೊಟ್ಟು, ಕೆಲವು ವಾರ ಬಿಟ್ಟು ರಕ್ತ ತೆಗೆದರು. ಪ್ರೋಟೀನ್ ಸಿ ಸಹಜ ಮಟ್ಟಕ್ಕೆ ಬಂದಿತ್ತು. ಪ್ರೋಟೀನ್ ಎಸ್ ಮಾತ್ರ ಮೇಲೇಳಲಿಲ್ಲ. ಇನ್ನೊಮ್ಮೆ ನೋಡಿದಾಗಲೂ ಅಷ್ಟೇ. ದಪ್ಪಕ್ಷರದ ಎರಡು ಸಾಲುಗಳಲ್ಲಿ ಒಂದು ಸುಳ್ಳಾಗಿ, ಇನ್ನೊಂದು ನಿಜವಾಗಿತ್ತು. ಆದರೆ ಮೊದಲ ಹಾಳೆಯನ್ನಷ್ಟೇ ನೋಡಿ ಯಾವುದು ಯಾವುದೆಂದು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಕಾರಣವಿಲ್ಲದೆ ಆದ ಹೆಪ್ಪು, ಮನೆತನದ ಇತಿಹಾಸ, ಪ್ರೋಟೀನ್ ಎಸ್ ಕೊರತೆ ಈ ಮೂರನ್ನೂ ಒಟ್ಟಿಗೆ ನೋಡಿ, ರಕ್ತಸ್ರಾವದ ಅಪಾಯವನ್ನು ವರ್ಷವರ್ಷವೂ ತೂಗಿ ನೋಡುತ್ತ ಮಾತ್ರೆಯನ್ನು ಮುಂದುವರಿಸುವುದೆಂದು ತೀರ್ಮಾನವಾಯಿತು.

ತಂದೆ ಅಥವಾ ತಾಯಿಯಲ್ಲಿ ಈ ಕೊರತೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹೀಗಾಗಿ ಮಾತು ನನ್ನ ಕಡೆಗೂ ನನ್ನ ಮಗಳ ಕಡೆಗೂ ತಿರುಗಿತು. ಅವಳು ಮುಟ್ಟಿನ ತೊಂದರೆಗೆಂದು ಈಸ್ಟ್ರೋಜನ್ ಇರುವ ಮಾತ್ರೆ ನುಂಗುತ್ತಿದ್ದಳು. ಪರೀಕ್ಷೆ ಮಾಡಿಸಲೇ ಎಂದು ಕೇಳಿದೆ. ಆ ಮಾತ್ರೆಯೇ ಪ್ರೋಟೀನ್ ಎಸ್ ಅನ್ನು ಇಳಿಸುವುದರಿಂದ ಈಗ ಮಾಡಿಸಿ ಪ್ರಯೋಜನವಿಲ್ಲ ಎಂದ ವೈದ್ಯೆ, "ಫಲಿತಾಂಶ ಚೆನ್ನಾಗಿಯೇ ಬಂದರೂ ಈ ವಂಶವೃಕ್ಷ ನೋಡಿದ ಮೇಲೆ ನಾನು ಈಸ್ಟ್ರೋಜನ್ ಬರೆದುಕೊಡುವುದಿಲ್ಲ" ಎಂದೂ ಸೇರಿಸಿದರು. ಸ್ತ್ರೀರೋಗ ತಜ್ಞರು ಅವಳಿಗೆ ಪ್ರೊಜೆಸ್ಟಿನ್ ಮಾತ್ರವಿರುವ ಮಾತ್ರೆಯನ್ನು ಬರೆದುಕೊಟ್ಟರು. ನನ್ನ ಪ್ರೋಟೀನ್ ಎಸ್ ಸಹಜವಾಗಿದೆ. ಹಾಗಿದ್ದರೂ ಶಸ್ತ್ರಚಿಕಿತ್ಸೆಯೇನಾದರೂ ಬಂದರೆ ಮನೆತನದ ವಿಷಯವನ್ನು ಮೊದಲೇ ತಿಳಿಸಬೇಕೆಂದು ಹೇಳಿದ್ದಾರೆ.

ಆ ಹಾಳೆಯಲ್ಲಿ ಅತ್ತೆಯ ವೃತ್ತದ ಕೆಳಗೆ ಇನ್ನೊಂದು ಪುಟ್ಟ ವೃತ್ತವಿತ್ತು: ಆ ಹೆರಿಗೆಯಲ್ಲಿ ಹುಟ್ಟಿದ ಮಗಳು, ನನಗಿಂತ ಚಿಕ್ಕವಳು. ಅವಳಿಗೆ ನಾನೇ ಫೋನ್ ಮಾಡಿದೆ. ತಾಯಿಯ ಸಾವಿನ ಬಗ್ಗೆ ಅಷ್ಟು ವಿವರವಾಗಿ ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ಅಕ್ಕ, ನಾನೀಗ ಮೂರು ತಿಂಗಳ ಬಸುರಿ" ಎಂದಳು. ಬಸಿರಿನಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಇಳಿಯುವುದರಿಂದ ಅವಳ ವೈದ್ಯರು ಪರೀಕ್ಷೆಯನ್ನು ಹೆರಿಗೆಯ ನಂತರಕ್ಕೆ ಮುಂದೂಡಿದ್ದಾರೆ. ಬಾಣಂತನದ ಆರು ವಾರಗಳಿಗೆ ಬೇಕಾದ ಚುಚ್ಚುಮದ್ದುಗಳನ್ನು ಮಾತ್ರ ಫಲಿತಾಂಶಕ್ಕೆ ಕಾಯದೆ ಈಗಲೇ ಬರೆದುಕೊಟ್ಟಿದ್ದಾರೆ.