ಎರಡು ಬಸ್ ನಿಲ್ದಾಣಗಳ ಊರಿನಲ್ಲಿ ಒಂದು ಚುನಾವಣೆ

ಬೋಸ್ನಿಯಾ-ಹೆರ್ಜೆಗೊವಿನಾದ ಮೋಸ್ಟಾರ್‌ನಲ್ಲಿ ಎರಡು ಬಸ್ ನಿಲ್ದಾಣಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. 2022ರ ಅಕ್ಟೋಬರ್ 2, ಭಾನುವಾರ. ಸಂಜೆ ಆರಕ್ಕೆ ಸರಾಯೆವೋಗೆ ಬಸ್ಸು. ಐದೂವರೆಗೇ ರೈಲು ನಿಲ್ದಾಣದ ಪಕ್ಕದ ಬಸ್ ಸ್ಟ್ಯಾಂಡಿಗೆ ಬಂದು ಬ್ಯಾಗು ಹಿಡಿದು ನಿಂತೆ. ಆರಾಯಿತು, ಆರೂಕಾಲಾಯಿತು. ಟಿಕೆಟ್ ತೋರಿಸಿದರೆ ಕೌಂಟರಿನ ಹೆಂಗಸು ನದಿಯಾಚೆ ಕೈ ತೋರಿಸಿದರು. ಬಸ್ಸು ಪಶ್ಚಿಮದ ನಿಲ್ದಾಣದಿಂದ ಹೊರಟುಹೋಗಿತ್ತು. ಟಿಕೆಟಿನಲ್ಲಿ ಬರೀ ‘ಮೋಸ್ಟಾರ್’ ಎಂದಿತ್ತು, ಯಾವ ದಡ ಎಂದು ಬಸ್ಸಿನವರು ಬರೆದಿರಲಿಲ್ಲ.

ಬೇರೆ ದಾರಿ ಕಾಣದೆ ಎರಡು ದಿನ ಉಳಿದಿದ್ದ ಮನೆಗೇ ವಾಪಸಾದೆ. ಮ್ಯೂನಿಕ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಾಯಿಯ ಮನೆ ಅದು. ಅವನಿಗೆ ರಜೆ ಸಿಗದೆ, ಅಮ್ಮನಿಗೆಂದು ಕೊಟ್ಟ ಒಂದು ಪೊಟ್ಟಣ ಮಾತ್ರ ನನ್ನ ಜೊತೆ ಬಂದಿತ್ತು. ನಾನು ಅವರನ್ನು ‘ಟೆಟಾ’ ಎನ್ನುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ, ಅತ್ತೆ ಅನ್ನುವಂತೆ. ಅವರು ನನ್ನನ್ನು ‘ಸಿನೆ’, ಅಂದರೆ ಮಗನೇ ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ನಿರಾಶ್ರಿತರಾಗಿದ್ದವರು, ಹಾಗಾಗಿ ನಮ್ಮಿಬ್ಬರ ಮಾತು ಜರ್ಮನ್‌ನಲ್ಲಿ. ಬಾಗಿಲು ತೆರೆದವರು ಏನನ್ನೂ ಕೇಳಲಿಲ್ಲ. “ತಪ್ಪು ನನ್ನದು. ನಮಗಿದು ಎಷ್ಟು ಅಭ್ಯಾಸವಾಗಿದೆ ಅಂದರೆ, ಹೊರಗಿನವರಿಗೆ ಹೇಳಬೇಕು ಅಂತಲೇ ಹೊಳೆಯಲ್ಲ” ಎಂದು ಕಾಫಿಗೆ ನೀರಿಟ್ಟರು.

ಅವರು ಹುಟ್ಟಿದ್ದು ಪಶ್ಚಿಮದಲ್ಲಿ, ಕ್ರೋವಾಟ್ ಮನೆಯಲ್ಲಿ. ಮದುವೆಯಾಗಿ ಬಂದದ್ದು ಪೂರ್ವದ ಮುಸ್ಲಿಂ ಮನೆಗೆ. ಯುಗೊಸ್ಲಾವಿಯಾ ಇದ್ದಾಗ ಅದೇನೂ ದೊಡ್ಡ ಸಂಗತಿಯಲ್ಲ. 1993ರಲ್ಲಿ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸತೊಡಗಿದಾಗ ಅದೇ ದೊಡ್ಡದಾಯಿತು. ಆ ವರ್ಷದ ನವೆಂಬರ್ 9ರಂದು ನೆರೆತ್ವಾ ನದಿಯ ಮೇಲಿನ ನಾನೂರು ವರ್ಷದ ಹಳೆಯ ಸೇತುವೆಯನ್ನು ಫಿರಂಗಿ ಹೊಡೆದು ಬೀಳಿಸಿದರು. 2004ರಲ್ಲಿ ಮತ್ತೆ ಕಟ್ಟಿದ್ದಾರೆ, ಪ್ರವಾಸಿಗರು ಫೋಟೋ ತೆಗೆಯುವುದು ಅದನ್ನೇ. ನಾನೂ ಹಿಂದಿನ ದಿನ ತೆಗೆದಿದ್ದೆ.

ಆ ಬೆಳಿಗ್ಗೆ ಟೆಟಾ ಮತ ಹಾಕಲು ಹೊರಟಾಗ ಮತಗಟ್ಟೆಯಿದ್ದ ಶಾಲೆಯ ಗೇಟಿನವರೆಗೆ ಜೊತೆಗೆ ಹೋಗಿದ್ದೆ. ದೇಶಕ್ಕೆ ಮೂವರು ಅಧ್ಯಕ್ಷರು: ಒಬ್ಬ ಬೋಸ್ನಿಯಾಕ್ (ಅಲ್ಲಿನ ಮುಸ್ಲಿಮರಿಗೆ ಹಾಗೆನ್ನುತ್ತಾರೆ), ಒಬ್ಬ ಕ್ರೋವಾಟ್, ಒಬ್ಬ ಸರ್ಬ್. ಎಂಟೆಂಟು ತಿಂಗಳಿಗೆ ಒಬ್ಬೊಬ್ಬರ ಸರದಿ. 1995ರ ಡೇಟನ್ ಒಪ್ಪಂದ ಯುದ್ಧ ನಿಲ್ಲಿಸಿತು, ಅದು ಸಣ್ಣ ಮಾತಲ್ಲ. ಆದರೆ 35 ಲಕ್ಷ ಜನರ ದೇಶದಲ್ಲಿ 14 ಸರ್ಕಾರಗಳಾದವು. ಕೇಂದ್ರದ್ದೊಂದು, ಎರಡು ಘಟಕಗಳದ್ದು (ಬೋಸ್ನಿಯಾಕ್, ಕ್ರೋವಾಟರ ಫೆಡರೇಷನ್ ಒಂದು, ಸರ್ಬರದ್ದು ಇನ್ನೊಂದು), ಫೆಡರೇಷನ್‌ನೊಳಗಿನ ಹತ್ತು ಕ್ಯಾಂಟನ್ ಎಂಬ ಪ್ರಾಂತ್ಯಗಳದ್ದು, ಬರ್ಚ್ಕೊ ಜಿಲ್ಲೆಯದ್ದು. ಗೆಳೆಯನ ಹಾಗೆ ಎರಡೂ ರಕ್ತ ಸೇರಿದವನು ತಾನು ಯಾವುದೂ ಅಲ್ಲ ಎಂದರೆ ‘ಇತರರು’ ಪಟ್ಟಿಗೆ ಹೋಗುತ್ತಾನೆ, ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ. ಯಹೂದಿ, ರೋಮಾ ಸಮುದಾಯದವರಿಗೂ ಅದೇ ಗತಿ. ಇದು ತಪ್ಪೆಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲೇ ತೀರ್ಪು ಕೊಟ್ಟರೂ ನಿಯಮ ಹಾಗೇ ಇತ್ತು.

ಕಾಫಿಯ ಜೊತೆ ಟೆಟಾ ಒಂದು ಸಿಗರೇಟ್ ಹಚ್ಚಿ ಪ್ಯಾಕನ್ನು ನನ್ನ ಮುಂದಿಟ್ಟರು. ‘ಧೂಮಪಾನ ಕೊಲ್ಲುತ್ತದೆ’ ಎಂಬುದನ್ನು ಅದರ ಮೇಲೆ ಮೂರು ಭಾಷೆಗಳಲ್ಲಿ ಅಚ್ಚು ಹಾಕಿದ್ದರು. ಮೊದಲೆರಡು ಸಾಲು ಅಕ್ಷರಕ್ಷರ ಒಂದೇ. ಮೂರನೆಯದೂ ಅದೇ ಮಾತು, ಲಿಪಿ ಮಾತ್ರ ಸಿರಿಲಿಕ್. “ಮೂರನ್ನೂ ನಾನು ಓದಬಲ್ಲೆ” ಎಂದು ಬೆರಳಿಟ್ಟು ತೋರಿಸಿದರು. ಮಗ ಓದಿದ್ದು ಸ್ಪ್ಯಾನಿಷ್ ಚೌಕದ ಹಳೆಯ ಜಿಮ್ನಾಸಿಯಂನಲ್ಲಿ, ಅಂದರೆ ಹೈಸ್ಕೂಲಿನಲ್ಲಿ. ಕಟ್ಟಡ ಒಂದೇ, ಪಠ್ಯಕ್ರಮ ಎರಡು. ಕ್ರೋವಾಟ್ ಮಕ್ಕಳಿಗೆ ಬೇರೆ ತರಗತಿ, ಬೋಸ್ನಿಯಾಕ್ ಮಕ್ಕಳಿಗೆ ಬೇರೆ.

ಅವನು ಎಂಜಿನಿಯರಿಂಗ್ ಮುಗಿಸಿದಾಗ ಇಲ್ಲಿನ ಒಂದು ಸರ್ಕಾರಿ ಕಂಪನಿಯಲ್ಲಿ ಹುದ್ದೆ ಖಾಲಿಯಿತ್ತಂತೆ. ಅಲ್ಲಿ ಕೇಳಿದ್ದು ಎರಡೇ: ಪಕ್ಷದ ಸದಸ್ಯತ್ವ, ಒಂದು ಲಕೋಟೆ. ಇದಕ್ಕೆ ಅವರ ಮಾತಿನಲ್ಲಿ ‘ಷ್ಟೆಲಾ’ ಎನ್ನುತ್ತಾರೆ. ನಮ್ಮ ‘ವಶೀಲಿ’ಯೇ ಅದು, ವಿವರಿಸಬೇಕಾಗಲಿಲ್ಲ. “ಯಾವ ಪಕ್ಷದ ಕಾರ್ಡು ತರಲಿ ಅಂತ ಕೇಳಿದ. ಅಪ್ಪನ ಕಡೆಯದೋ, ನನ್ನ ಕಡೆಯದೋ? ಹದಿನೈದು ದಿನಕ್ಕೆ ಮ್ಯೂನಿಕ್ ಬಸ್ ಹತ್ತಿದ.”

ನಾನು ಕೇಳಿಯೇಬಿಟ್ಟೆ: ಇವರು ಕದಿಯುತ್ತಾರೆಂದು ಗೊತ್ತಿದ್ದೂ ಜನ ಯಾಕೆ ಗೆಲ್ಲಿಸುತ್ತಾರೆ? ಟೆಟಾ ಹೇಳಿದರು, “ಚುನಾವಣೆಗೆ ಒಂದು ತಿಂಗಳು ಮುಂಚೆ ಮತ್ತೆ ಯುದ್ಧ ಆಗುತ್ತೆ ಅಂತಾರೆ. ಆಗ ಆಸ್ಪತ್ರೆಯ ಮಾತು ಯಾರು ಎತ್ತುತ್ತಾರೆ? ಕಳ್ಳನಾದರೂ ನಮ್ಮವನು ಇರಲಿ ಅನ್ನಿಸುತ್ತೆ.” ಆ ‘ನಮ್ಮವನು’ ನನ್ನ ಎದೆಗೆ ನಾಟಿತು. ನಮ್ಮೂರಲ್ಲಿ ಪಂಚಾಯಿತಿ ಎಲೆಕ್ಷನ್ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತವರು ಜಾತಿ ನೋಡಿ ‘ನಮ್ಮೋನು’ ಎನ್ನುವುದನ್ನು ಕೇಳಿಯೇ ಬೆಳೆದವನು ನಾನು. ಒಡಕು ಒಂದು ರೋಗ, ಲಂಚ ಇನ್ನೊಂದು ಎಂದು ನಾನು ತಿಳಿದಿದ್ದೆ. ಮೊದಲನೆಯದು ಎರಡನೆಯದಕ್ಕೆ ಹಾಕಿಕೊಟ್ಟ ಬೇಲಿ ಎಂದು ಅರ್ಥವಾದದ್ದು ಆ ಅಡುಗೆಮನೆಯಲ್ಲಿ.

ಆ ಹೊತ್ತಿನಲ್ಲಿ ಫೆಡರೇಷನ್ ಘಟಕದ ಪ್ರಧಾನಿಯಾಗಿದ್ದವರು ಫಾದಿಲ್ ನೊವಾಲಿಚ್. 2018ರ ಚುನಾವಣೆಯಾದ ಮೇಲೆ ಪಕ್ಷಗಳು ಒಮ್ಮತಕ್ಕೆ ಬರದೆ ಹೊಸ ಸರ್ಕಾರವೇ ರಚನೆಯಾಗಲಿಲ್ಲ, ಹಳೆಯದೇ ನಾಲ್ಕು ವರ್ಷ ಮುಂದುವರಿಯಿತು. ಕೋವಿಡ್ ಕಾಲದಲ್ಲಿ ಚೀನಾದಿಂದ 100 ವೆಂಟಿಲೇಟರ್ ತರಿಸುವ 1 ಕೋಟಿ 5 ಲಕ್ಷ ಮಾರ್ಕ್‌ಗಳ (ಅಲ್ಲಿನ ಹಣ) ಗುತ್ತಿಗೆ ಹೋದದ್ದು ರಾಸ್‌ಬೆರಿ ಹಣ್ಣಿನ ವ್ಯವಹಾರದ ಕಂಪನಿಯೊಂದಕ್ಕೆ. ಬಂದ ಯಂತ್ರಗಳು ತೀವ್ರ ನಿಗಾ ಘಟಕಕ್ಕೆ ತಕ್ಕವಲ್ಲ. ವಿಚಾರಣೆ ನಡೆಯುತ್ತಿದ್ದರೂ ಅವರು ಕುರ್ಚಿಯಲ್ಲೇ ಇದ್ದರು. 2023ರ ಏಪ್ರಿಲ್‌ನಲ್ಲಿ ನಾಲ್ಕು ವರ್ಷ ಶಿಕ್ಷೆಯಾದ ಸುದ್ದಿ ಓದಿದಾಗ ಟೆಟಾಗೆ ಫೋನ್ ಮಾಡಿದ್ದೆ. ಗಂಡ ತೀರಿಕೊಂಡದ್ದು ಕೋವಿಡ್‌ನಲ್ಲೇ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೋಸ್ಟಾರ್ ಅಂತೂ 2008ರಿಂದ 2020ರವರೆಗೆ ನಗರಸಭೆಯ ಚುನಾವಣೆಯನ್ನೇ ಕಂಡಿರಲಿಲ್ಲ. ಮತದ ನಿಯಮ ಹೇಗಿರಬೇಕು ಎಂದು ಎರಡು ದೊಡ್ಡ ಪಕ್ಷಗಳು ಒಪ್ಪಲಿಲ್ಲ, ಮೇಯರ್ ಮಾತ್ರ ಬದಲಾಗಲಿಲ್ಲ. ಕೊನೆಗೆ ಇರ್ಮಾ ಬರಾಲಿಯಾ ಎಂಬ ತತ್ವಶಾಸ್ತ್ರದ ಟೀಚರ್ ಸ್ಟ್ರಾಸ್‌ಬರ್ಗ್‌ಗೆ ಹೋಗಿ 2019ರಲ್ಲಿ ಗೆದ್ದ ಮೇಲೆ ಮತಪೆಟ್ಟಿಗೆ ಬಂತು. ಈ ಕಥೆ ಹೇಳುವಾಗ ಮಾತ್ರ ಟೆಟಾ ಮುಖ ಅರಳಿತು. “ನಮ್ಮ ಟೀಚರ್” ಎಂದರು. ಇಲ್ಲಿನ ‘ನಮ್ಮ’ ಬೇರೆ.

ಏಳಕ್ಕೆ ಮತದಾನ ಮುಗಿಯಿತು. ಟಿವಿ ಹಾಕಿದೆವು, ಎಣಿಕೆಗೆ ಕಾದೆವು. ಅಷ್ಟರಲ್ಲಿ ಪರದೆಯ ಮೇಲೆ ಬಂದವರು ಕ್ರಿಶ್ಚಿಯನ್ ಷ್ಮಿಟ್. ಆಗ ಅಂತರರಾಷ್ಟ್ರೀಯ ಸಮುದಾಯದ ಪರವಾಗಿ ಇಲ್ಲಿ ಕೂತಿದ್ದ ಹೈ ರೆಪ್ರೆಸೆಂಟೇಟಿವ್. ಅವರು ತಾವಾಗಿಯೇ ಕಾನೂನು ಹೊರಡಿಸಬಹುದಿತ್ತು. ಮತಪೆಟ್ಟಿಗೆ ಮುಚ್ಚಿದ ಬೆನ್ನಲ್ಲೇ ಚುನಾವಣಾ ಕಾನೂನನ್ನು ಬದಲಿಸಿ, ಫೆಡರೇಷನ್‌ನ ಮೇಲ್ಮನೆಯ ಸದಸ್ಯರನ್ನು 58ರಿಂದ 80ಕ್ಕೆ ಏರಿಸಿದ್ದರು. ಸರ್ಕಾರ ರಚನೆ ಮತ್ತೆ ನಿಂತುಹೋಗಬಾರದು ಎಂಬುದು ಅವರು ಕೊಟ್ಟ ಕಾರಣ.

“ನಿಮ್ಮ ಬವೇರಿಯಾದವರೇ ಅಲ್ಲವಾ?” ಎಂದರು ಟೆಟಾ. ಹೌದೆಂದೆ. ಅವರಿಗೆ ಸಿಟ್ಟು ಬಂದಿರಲಿಲ್ಲ, ನೋವಾಗಿತ್ತು. “ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ನಾಲ್ಕು ಮತಪತ್ರ ಓದಿ ಹಾಕಿ ಬಂದೆ. ಎಣಿಸುವವರೆಗಾದರೂ ಕಾಯಬಹುದಿತ್ತು” ಎಂದು ಎದ್ದು ನನಗೆ ಸೋಫಾದ ಮೇಲೆ ಹಾಸಿದರು.

ಮರುದಿನ ಬೆಳಿಗ್ಗೆ ನಾನು ಬೇಡವೆಂದರೂ ಪಶ್ಚಿಮದ ನಿಲ್ದಾಣದವರೆಗೆ ಬಂದರು. ದಾರಿಯಲ್ಲಿ ಬುಲೆವಾರ್ ರಸ್ತೆಯ ಗುಂಡೇಟಿನ ಗೋಡೆಗಳ ಮೇಲೆ ಅಭ್ಯರ್ಥಿಗಳ ನಗುಮುಖ ಇನ್ನೂ ಅಂಟಿಕೊಂಡಿತ್ತು. ನನ್ನ ಬಸ್ಸಿನ ಪಕ್ಕ ಮ್ಯೂನಿಕ್‌ಗೆ ಹೋಗುವ ಬಸ್ಸು ನಿಂತಿತ್ತು. ದೊಡ್ಡ ಸೂಟ್‌ಕೇಸ್‌ಗಳು, ಹುಡುಗ ಹುಡುಗಿಯರು. ಒಬ್ಬ ತಾಯಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಬುರೆಕ್‌ನ ಪೊಟ್ಟಣವನ್ನು ಕಿಟಕಿಯಿಂದ ಕೊಡುತ್ತಿದ್ದಳು. ಟೆಟಾ ತುಟಿಯಲ್ಲೇ ಎಣಿಸುತ್ತಿದ್ದರು.

“ಹತ್ತೊಂಬತ್ತು” ಎಂದರು ಕೊನೆಗೆ, ನನ್ನ ಬ್ಯಾಗನ್ನು ಕೈಗೆ ಕೊಡುತ್ತಾ.