ಪಂಪ್ ರೂಮಿನ ಬಿಳಿ ಬಕೆಟ್

"ಮುಚ್ಚಳ ಹಾಕೋ, ಬೇಗ ಮುಚ್ಚಳ ಹಾಕು!" ಅಂತ ಕೂಗಿದವನು ನಾನೇ. ಹನ್ನೊಂದು ವರ್ಷದಿಂದ ಈಜುಕೊಳಗಳ ಸರ್ವಿಸ್ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗರಿಗೆ ಕೆಮಿಕಲ್ ಬಗ್ಗೆ ಹೇಳಿಕೊಡುವವನೂ ನಾನೇ. ಆ ಸಂಜೆ ಹುಡುಗ ನನ್ನ ಮಾತು ಕೇಳಿದ್ದರೆ ಅವನ ಕಣ್ಣು ಉಳಿಯುತ್ತಿತ್ತೋ ಇಲ್ಲವೋ.

ಸರ್ಜಾಪುರ ರಸ್ತೆ ಕಡೆಯ ಒಂದು ವಿಲ್ಲಾ. ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ಚಳಿ ಶಿವಶಿವಾ ಅಂತ ಹೋಗುವುದೇ ತಡ, ನಮಗೆ ಫೋನ್ ಶುರುವಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವುದರೊಳಗೆ ಪೂಲ್ ರೆಡಿ ಇರಬೇಕು, ಎಲ್ಲರಿಗೂ ಒಂದೇ ವಾರದಲ್ಲಿ. ನವೆಂಬರ್‌ನಿಂದ ಪಂಪ್ ಮುಟ್ಟಿರುವುದಿಲ್ಲ. ಈ ಮನೆಯಲ್ಲಿ ಪೂಲ್ ಪಕ್ಕದಲ್ಲೇ ಹೊಂಗೆ ಮರ ಬೇರೆ. ಬಲೆ ಹಾಕಿದ್ದರು, ಆದರೆ ಅದು ಒಂದು ಮೂಲೆಯಲ್ಲಿ ಹರಿದು ಎಲೆಯೆಲ್ಲ ನೀರಿಗೇ ಬಿದ್ದಿತ್ತು. ಮೇಲೆ ಹಸಿರು, ತಳದಲ್ಲಿ ಕೊಳೆತ ಎಲೆಯ ಕಪ್ಪು. ಮೊದಲ ಮೆಟ್ಟಿಲೂ ಕಾಣುತ್ತಿರಲಿಲ್ಲ.

ನೀರೆಲ್ಲ ಖಾಲಿ ಮಾಡಿ ಹೊಸದು ತುಂಬಿಸುವುದು ನಮಗೆ ಸುಲಭದ ದಾರಿ. ಆದರೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ ಅಂದರೆ ಹತ್ತಿರ ಹತ್ತಿರ 41,600 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಏಳು ಬೇಕು. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವ ಹಾಗಿಲ್ಲ, ಬಳಸಿದರೆ ಐದು ಸಾವಿರ ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ, ಆ ಬೇಸಿಗೆಯನ್ನು ಬೆಂಗಳೂರಿನಲ್ಲಿ ಕಳೆದ ನನಗೆ ಇದ್ದ ನೀರನ್ನು ಚೆಲ್ಲಲು ಕೈ ಬರುವುದಿಲ್ಲ. ಪಕ್ಕದ ಬೀದಿಯಲ್ಲಿ ಕೊಡ ಹಿಡಿದು ನಿಂತವರನ್ನು ದಾಟಿಕೊಂಡೇ ನಾವು ಸೈಟಿಗೆ ಹೋಗುತ್ತಿದ್ದೆವು. ಹಳೇ ನೀರನ್ನೇ ಉಳಿಸೋಣ ಅಂತ ಮನೆಯ ಅಮ್ಮನವರಿಗೆ ಹೇಳಿದೆ, ಅವರೂ ಒಪ್ಪಿದರು.

ಮೊದಲ ದಿನ ಪೂರ್ತಿ ಮೈ ಮುರಿಯುವ ಕೆಲಸ. ಎಲೆ ಎತ್ತಿದ್ದು, ಗೋಡೆ ಉಜ್ಜಿದ್ದು, ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ ತೊಳೆದದ್ದು, ಮಲ್ಟಿಪೋರ್ಟನ್ನು, ಅಂದರೆ ಫಿಲ್ಟರಿನ ವಾಲ್ವನ್ನು, ನೀರು ಹೊರಗೆ ಹೋಗುವ ವೇಸ್ಟ್‌ಗೆ ಇಟ್ಟು ತಳದ ಗಸಿ ಎಳೆದದ್ದು. ಎರಡನೇ ದಿನ ಬೆಳಿಗ್ಗೆ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಬಿಟ್ಟು ಫಿಲ್ಟರ್ ತೊಳೆಯುವುದು), ರಿನ್ಸ್. ನೀರಿನ ಆಮ್ಲ-ಕ್ಷಾರದ ಅಳತೆ ಪಿಎಚ್ ನೋಡಿದರೆ 8.2. ಅದನ್ನು ಇಳಿಸದೇ ಕ್ಲೋರಿನ್ ಹಾಕಿದರೆ ದುಡ್ಡು ದಂಡ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಸುಮಾರು ಅರ್ಧದಷ್ಟು ಚುರುಕಾಗಿ ಕೆಲಸ ಮಾಡುವ ರೂಪದಲ್ಲಿರುತ್ತದೆ, 8ಕ್ಕೆ ಹೋದರೆ ಕಾಲು ಭಾಗ ಸಿಕ್ಕರೆ ಹೆಚ್ಚು. ಆಸಿಡ್ ಹಾಕಿ 7.4ಕ್ಕೆ ತಂದು, ಸಂಜೆವರೆಗೆ ನೀರು ಸುತ್ತಲು ಬಿಟ್ಟೆ. ಶಾಕ್ ಡೋಸ್, ಅಂದರೆ ಪಾಚಿ ಸಾಯಿಸಲು ಒಮ್ಮೆಗೇ ಹಾಕುವ ಹೆಚ್ಚಿನ ಕ್ಲೋರಿನ್, ಬಿಸಿಲಿಳಿದ ಮೇಲೆಯೇ. ಲೆಕ್ಕ ಹಾಕಿಟ್ಟಿದ್ದೆ: 10 ಪಿಪಿಎಂಗೆ, ಅಂದರೆ ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್‌ಗೆ, 65 ಪರ್ಸೆಂಟಿನ ಕ್ಯಾಲ್ ಹೈಪೊ ಪುಡಿ (ಕ್ಯಾಲ್ಸಿಯಂ ಹೈಪೊಕ್ಲೋರೈಟ್) 640 ಗ್ರಾಂ. ಕವರಿನಲ್ಲಿ ತೂಗಿ ಹುಡುಗನ ಕೈಗೆ ಕೊಟ್ಟೆ.

ಅವನು ಸಿಂಧನೂರು ಕಡೆಯವನು, ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಊರಲ್ಲಿ ಪಂಚಾಯಿತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕುತ್ತಿದ್ದ. ಚುರುಕು ಹುಡುಗ, ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುವವನಲ್ಲ. ಅಷ್ಟರಲ್ಲಿ ಆಫೀಸಿನಿಂದ ಫೋನ್, ಮುಂದಿನ ಸೈಟಿಗೆ ಎಷ್ಟು ಗಂಟೆಗೆ ಹೋಗ್ತೀರಿ ಅಂತ. ಫೋನ್ ಕಿವಿಗಿಟ್ಟುಕೊಂಡೇ ಅವನಿಗೆ ಹೇಳಿದೆ, "ಕ್ಲೋರಿನ್ ಬಕೆಟ್‌ಗೆ ಹಾಕು, ನೀರು ಬಿಟ್ಟು ಕದಡು."

ಈ ವಾಕ್ಯವನ್ನು ಅಲ್ಲಿಂದೀಚೆಗೆ ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ. ಕ್ಲೋರಿನ್ನನ್ನು ಬಕೆಟ್ಟಿಗೆ ಹಾಕು ಅಂತ ನಾನು ಹೇಳಿದ್ದು. ಕ್ಲೋರಿನ್ ಬಕೆಟ್ಟಿಗೆ ಇದನ್ನು ಹಾಕು ಅಂತ ಅವನಿಗೆ ಕೇಳಿಸಿದ್ದು. ಪಂಪ್ ರೂಮಿನಲ್ಲಿ ಒಂದು ಕ್ಲೋರಿನ್ ಬಕೆಟ್ ಇತ್ತು ಕೂಡ. ಕಳೆದ ಸೀಸನ್‌ನ ಟಿಸಿಸಿಎ ಗುಳಿಗೆಗಳು, ಅಂದರೆ ನಿಧಾನವಾಗಿ ಕರಗುವ ಇನ್ನೊಂದು ಥರದ ಕ್ಲೋರಿನ್, ಪುಡಿಯಾಗಿ, ತೇವ ಹಿಡಿದು ತಳದಲ್ಲಿ ಕೂತಿದ್ದವು. ಬಿಳಿ ಬಕೆಟ್, ಲೇಬಲ್ ಇಲ್ಲ, ಅದೇ ಕ್ಲೋರಿನ್ ವಾಸನೆ. ನನ್ನ ಮಾತು ಪಾಲಿಸಿ ಅವನು ಕವರ್ ಪೂರ್ತಿ ಅದಕ್ಕೆ ಸುರಿದು ಪೈಪ್ ಹಿಡಿದ. ನೀರು ಮೊದಲು, ಪುಡಿ ಆಮೇಲೆ ಅನ್ನುವ ಕ್ರಮವನ್ನೂ ನಾನೇ ತಿರುಗುಮುರುಗು ಹೇಳಿದ್ದೆ.

ಎರಡೂ ಕ್ಲೋರಿನ್ನೇ, ಆದರೆ ನಾನು ತೂಗಿಕೊಟ್ಟ ಪುಡಿ ಕ್ಷಾರ, ಗುಳಿಗೆ ಆಮ್ಲ. ಒಣಗಿದ್ದಾಗಲೂ ಜೊತೆಗಿಡಬಾರದು, ತೇವ ತಾಗಿತೋ ಕುದಿಯುತ್ತದೆ, ಕ್ಲೋರಿನ್ ಗ್ಯಾಸ್ ಬಿಡುತ್ತದೆ, ಸ್ಫೋಟಿಸುವಂಥ ಇನ್ನೊಂದು ವಸ್ತುವೂ ಹುಟ್ಟಬಹುದು.

ಮೊದಲು ಕೇಳಿದ್ದು ಸದ್ದು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಹಿಂದೆಯೇ ಬುಸ್ ಅನ್ನುವ ಉಸಿರು. ಪಂಪ್ ರೂಮ್ ನೆಲಮಟ್ಟಕ್ಕಿಂತ ಆರು ಮೆಟ್ಟಿಲು ಕೆಳಗೆ. ನಾನು ಬಾಗಿಲಿಗೆ ಬಂದಾಗ ಹುಡುಗ ಬಕೆಟ್ ಪಕ್ಕದಲ್ಲಿ ಕೋಲು ಹಿಡಿದು ನಿಂತು ಅದನ್ನೇ ನೋಡುತ್ತಿದ್ದ. ಹಳದಿ-ಹಸಿರು ಹೊಗೆ ಬಕೆಟ್ಟಿನ ಅಂಚಿನಿಂದ ಉಕ್ಕಿ, ಮೇಲೇಳದೆ ನೆಲದ ಮೇಲೆ ಹರಡುತ್ತಿತ್ತು, ಅವನ ಮೊಣಕಾಲಿನ ತನಕ. ಆಗಲೇ ನಾನು ಮುಚ್ಚಳ ಅಂತ ಕೂಗಿದ್ದು. ಗ್ಯಾಸ್ ಹೊರಗೆ ಬರಬಾರದು ಅನ್ನುವ ಒಂದೇ ಯೋಚನೆ. ಮುಚ್ಚಿದ್ದರೆ ಆ ಬಕೆಟ್ ಅವನ ಮುಖಕ್ಕೇ ಸಿಡಿಯುತ್ತಿತ್ತು.

ಅವನು ನನ್ನ ಮುಖ ನೋಡಿದ. ಕೋಲು ಬಿಸಾಕಿ ಓಡಿ ಮೇಲೆ ಬಂದ.

ಅಷ್ಟಕ್ಕಾದರೂ ನನಗೆ ಬುದ್ಧಿ ಬರಬೇಕಿತ್ತು. ಇಲ್ಲ, ನಾನೊಂದು ಚೊಂಬು ನೀರು ಹಿಡಿದು ಕೆಳಗಿಳಿದೆ. ಎರಡನೇ ಮೆಟ್ಟಿಲಿಗೆ ಎದೆ ಹಿಡಿದುಕೊಂಡಿತು, ಗಂಟಲಿಗೆ ಗಾಜಿನ ಪುಡಿ ಸುರಿದ ಹಾಗೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲೇ ಕೂರುತ್ತದೆ. ಇಂಥ ಬೆಂಕಿಗೆ ಸ್ವಲ್ಪ ನೀರು ಅಂದರೆ ಇನ್ನಷ್ಟು ಉರಿಸಿದ ಹಾಗೆ. ಹಾಕಿದರೆ ದೂರದಿಂದ ಹೊಳೆಯ ಹಾಗೆ ಸುರಿಯಬೇಕು. ಇದನ್ನೆಲ್ಲ ಹುಡುಗರಿಗೆ ಹೇಳಿಕೊಟ್ಟವನು ನಾನು. ಚೊಂಬು ಅಲ್ಲೇ ಬಿಟ್ಟು ತೆವಳಿದಂತೆ ಮೇಲೆ ಬಂದೆ.

ಆಮೇಲಿನದು ಸ್ವಲ್ಪ ಸರಿಯಾಗಿ ನಡೆಯಿತು. ಕಿಟಕಿ ಮುಚ್ಚಿಸಿ, ಮನೆಯವರನ್ನೆಲ್ಲ ಗಾಳಿ ಬರುತ್ತಿದ್ದ ದಿಕ್ಕಿಗೆ, ಮುಂದಿನ ಗೇಟಿಗೆ ಕಳಿಸಿದೆವು. ಆದರೆ ನಾನು ಮೊದಲು ಫೋನ್ ಮಾಡಿದ್ದು ನಮ್ಮ ಸೂಪರ್‌ವೈಸರ್‌ಗೆ. ಕಂಪನಿ ಹೆಸರು ಕೆಟ್ಟೀತು, ಮೊದಲು ಅವರನ್ನು ಕೇಳೋಣ ಅಂತ. ಅವರು "ತಡೀರಿ, ನೋಡೋಣ" ಅನ್ನುವಷ್ಟರಲ್ಲಿ ಮನೆಯ ಡ್ರೈವರ್ 112ಕ್ಕೆ ಹೇಳಿ ಮುಗಿಸಿದ್ದರು. ಆ ಮನುಷ್ಯನಿಗೆ ನಾನು ಋಣಿ. ಅಗ್ನಿಶಾಮಕದವರು ಸಿಲಿಂಡರ್ ಕಟ್ಟಿಕೊಂಡು ಬಂದು ನೀರು ಹಾಯಿಸುವಾಗ ಬಕೆಟ್ಟಿನ ತಳ ಕರಗಿ ನೆಲಕ್ಕೆ ಅಂಟಿತ್ತು.

ಹುಡುಗನಿಗೆ ಕೆಮ್ಮು ನಿಲ್ಲಲಿಲ್ಲ. ಶ್ವಾಸಕೋಶಕ್ಕೆ ನೀರು ತುಂಬುವುದು ಕೆಲವು ಗಂಟೆ ಬಿಟ್ಟೂ ಆಗಬಹುದು ಅಂತ ಡಾಕ್ಟರ್ ರಾತ್ರಿ ಇರಿಸಿಕೊಂಡರು. ಪಕ್ಕದ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಆಕ್ಸಿಜನ್ ಮಾಸ್ಕ್ ಸರಿಸಿ ಅವನಂದ, "ನೀವು ಮುಚ್ಚು ಅಂದ್ರಿ, ನಾ ಓಡಿ ಬಂದೆ. ತಪ್ಪಾತಣ್ಣಾ."

ನನಗೆ ಅಳು ತಡೆಯಲಾಗಲಿಲ್ಲ. ನೀನು ಮಾಡಿದ್ದೇ ಸರಿ, ನಾನು ಹೇಳಿದ್ದು ತಪ್ಪು, ಮುಂದೆಯೂ ನಾನಾಗಲಿ ಯಾರಾಗಲಿ ಹೀಗೆ ಹೇಳಿದರೆ ಓಡು ಅಂದೆ. ಬೆಳಿಗ್ಗೆ ಅವನ ತಾಯಿಗೆ ಫೋನ್ ಮಾಡಿ ನಾನೇ ಹೇಳಿದೆ, ಯಾರ ತಪ್ಪು ಅಂತಲೂ.

ಕಂಪನಿ ನನ್ನಿಂದ ಲಿಖಿತ ವಿವರಣೆ ತೆಗೆದುಕೊಂಡಿತು, ಕೊಟ್ಟೆ. ಆದರೆ ಅವರ ಪಾಲೂ ಇದೆ. ಸ್ಟೋರ್‌ನಲ್ಲಿ ಉಳಿತಾಯ ಅಂತ ದೊಡ್ಡ ಡ್ರಮ್ಮಿನಿಂದ ಲೂಸ್ ಮಾಡಿ ಒಂದೇ ಥರದ ಬಿಳಿ ಬಕೆಟ್ಟಿಗೆ ತುಂಬಿ ಕಳಿಸುತ್ತಾರೆ. ಎರಡಕ್ಕೂ ಒಂದೇ ಸ್ಕೂಪ್. ಮಾಸ್ಕ್ ಅಂತ ಕೊಡುವುದು ಬಟ್ಟೆಯದು, ಅದು ಗ್ಯಾಸ್ ತಡೆಯುವುದಿಲ್ಲ. ಘಟನೆ ಆದ ಮೇಲೆ ಎರಡು ಪುಟದ ಸೇಫ್ಟಿ ಫಾರಂ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಕೆಳಗೆ ಸಹಿ ಹಾಕುವ ಹುಡುಗರಲ್ಲಿ ಅದನ್ನು ಓದಬಲ್ಲವರು ಇಬ್ಬರು. ಕನ್ನಡದಲ್ಲಿ ಕೊಡಿ ಅಂತ ಮೂರು ಸಲ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ನನ್ನ ಸೈಟುಗಳಲ್ಲಿ ಈಗ ಯಾರೂ ಬರೀ ಕ್ಲೋರಿನ್ ಅನ್ನುವ ಹಾಗಿಲ್ಲ. ಒಂದು ಗುಳಿಗೆ, ಇನ್ನೊಂದು ಪುಡಿ. ಪುಡಿ ಕದಡುವುದು ಪೂಲ್ ದಂಡೆಯ ಬಯಲಲ್ಲಿ, ಬೇರೇನೂ ಇಲ್ಲದೆ ಮೊದಲೇ ಬರೀ ನೀರು ತುಂಬಿಟ್ಟ ಬಕೆಟ್ಟಿನಲ್ಲಿ. ಗುಳಿಗೆ ಇಡುವ ಜಾಗ ಬೇರೆ, ಸ್ಕೂಪ್ ಬೇರೆ. ಫೋನ್ ಬಂದರೆ ಮೊದಲು ಮಾತು ಮುಗಿಸುತ್ತೇನೆ, ಆಮೇಲೆ ಕೆಲಸ ಹೇಳುತ್ತೇನೆ.

ಆ ವಿಲ್ಲಾಕ್ಕೆ ವಾರ ಬಿಟ್ಟು ಹೋದೆವು. ಅಮ್ಮನವರು ಪೂಲ್ ವಿಷಯ ಎತ್ತುವ ಮೊದಲೇ ಹುಡುಗನನ್ನು ಕೂರಿಸಿ ಕೆಮ್ಮು ಹೇಗಿದೆ ಅಂತ ವಿಚಾರಿಸಿದರು. ಮತ್ತೆ ಶಾಕ್ ಕೊಟ್ಟು, ಎರಡು ಸಲ ಬ್ಯಾಕ್‌ವಾಶ್ ಮಾಡಿ, ನಾಲ್ಕನೇ ದಿನಕ್ಕೆ ತಳದ ಟೈಲ್ಸಿನ ಗೆರೆ ಕಂಡಿತು. ಹೊಸ ಬಕೆಟ್ಟಿನ ಮೇಲೆ ಬರೆಯಲು ನಾನೇ ಕೆಂಪು ಆಯಿಲ್ ಪೇಂಟ್ ತಂದಿದ್ದೆ. ಅಕ್ಷರ ಚೆನ್ನಾಗಿರುವುದು ಅವನದು, ಅವನಿಗೇ ಬ್ರಷ್ ಕೊಟ್ಟೆ. "ಗುಳಿಗೆ" ಅಂತ ಬರೆ ಅಂದೆ. ಬರೆದ. ಸ್ವಲ್ಪ ಹೊತ್ತು ನೋಡುತ್ತ ನಿಂತು, ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಇದಕ್ಕ ಏನೂ ಹಾಕಬ್ಯಾಡ್ರಿ."