ಮೊದಲ ಗಿಟಾರ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

"ಮಾಮ, ಕೈಯಲ್ಲಿ ಇಪ್ಪತ್ತೈದು ಸಾವಿರ ಇದೆ. ಎಲೆಕ್ಟ್ರಿಕ್ ಗಿಟಾರ್ ಯಾವುದು ತಗೊಳ್ಳಲಿ? ಆಂಪ್ ಎಷ್ಟು ವ್ಯಾಟ್ ಬೇಕು?"

ಹೋದ ತಿಂಗಳು ಹೀಗೆ ಕೇಳಿದ್ದು ಅಕ್ಕನ ಮಗ. ಅದಕ್ಕೂ ಮುಂಚೆ ಆಫೀಸ್ ಕ್ಯಾಬಿನಲ್ಲಿ ಪಕ್ಕ ಕೂತವರು ಕೇಳಿದ್ದರು, ಮಗಳ ಪಿಯುಸಿ ಮುಗಿಯಿತು, ಕೊಡಿಸಬೇಕು ಅಂತ. ಎದುರು ಮನೆಯವರು ಲಿಫ್ಟಿನಲ್ಲಿ ಕೇಳಿದ್ದಾರೆ. ದುಡ್ಡು 15,000ದಿಂದ 30,000ದ ಒಳಗೆ ಓಡಾಡುತ್ತದೆ, ಪ್ರಶ್ನೆ ಮಾತ್ರ ಅದೇ. ನಾನೇನೂ ದೊಡ್ಡ ವಾದಕನಲ್ಲ. ವಾರವೆಲ್ಲ ಎಕ್ಸೆಲ್ ಶೀಟು, ಶನಿವಾರ ಸಂಜೆ ಬನಶಂಕರಿಯಲ್ಲಿ ಗೆಳೆಯನ ಮನೆಯ ಗ್ಯಾರೇಜಿನಲ್ಲಿ ನಾಲ್ಕು ಜನ ಸೇರಿ ಗದ್ದಲ. ಆದರೆ ಮೊದಲ ಗಿಟಾರನ್ನು ನನ್ನಷ್ಟು ಕೆಟ್ಟದಾಗಿ ಆರಿಸಿದವರು ಕಡಿಮೆ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಾನು ತಗೊಂಡಿದ್ದು ಒಂದು ಪ್ಯಾಕ್. ಗಿಟಾರ್, ಅದರ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ ಅಂದರೆ ಆಂಪ್, ಬ್ಯಾಗು, ಬೆಲ್ಟು, ಕೇಬಲ್ಲು ಎಲ್ಲ ಒಂದೇ ಡಬ್ಬದಲ್ಲಿ. ಕಪ್ಪು ಬಣ್ಣ, ಚೂಪು ಕೊಂಬು, ತಂತಿಗಳ ಬುಡ ಕೂರುವ ಬ್ರಿಜ್ ಹತ್ತಿರ ಒಂದು ಉಕ್ಕಿನ ಹಿಡಿ. ಹಿಡಿ ಅದುಮಿದರೆ ಸ್ವರ ಜಾರಿ ಕೆಳಗೆ ಹೋಗುತ್ತದೆ, ಎತ್ತಿದರೆ ಕಿರುಚುತ್ತದೆ. ಅಂಗಡಿಯವನು ಅದನ್ನೇ ಹತ್ತು ಸಲ ಮಾಡಿ ತೋರಿಸಿದ. ನಾನು ಬಿದ್ದೆ.

ಮೂರನೇ ವಾರ ಒಂದು ತಂತಿ ಕಿತ್ತುಹೋಯಿತು. ಆಗ ಗೊತ್ತಾಯಿತು ಅದು ಎಂಥ ಬ್ರಿಜ್ ಅಂತ. ಫ್ಲಾಯ್ಡ್ ರೋಸ್ ಮಾದರಿಯದು. ಮುಂದೆ ತಂತಿಗಳ ಎಳೆತ, ಹಿಂದೆ ಸ್ಪ್ರಿಂಗುಗಳ ಎಳೆತ, ನಡುವೆ ಬ್ರಿಜ್ಜು ತಕ್ಕಡಿಯ ಹಾಗೆ ತೇಲಿಕೊಂಡಿರುತ್ತದೆ. ಒಂದು ತಂತಿ ಹೋದರೆ ತಕ್ಕಡಿ ವಾಲಿ ಉಳಿದ ಐದರ ಶ್ರುತಿಯೂ ಹೋಯಿತು. ಹೊಸ ತಂತಿ ಹಾಕಿ ಒಂದನ್ನು ಸೇರಿಸಿದರೆ ಇನ್ನೊಂದು ಇಳಿಯುತ್ತದೆ. ಅದನ್ನು ಸರಿಮಾಡಿದರೆ ಮೊದಲನೆಯದು ಇಳಿದಿರುತ್ತದೆ. ಜೊತೆಗೆ ತಂತಿ ಬಿಗಿಯುವ ಲಾಕು, ಲಾಕಿಗೊಂದು ಅಲೆನ್ ಕೀ. ಭಾನುವಾರ ತಿಂಡಿ ತಿಂದು ಕೂತವನು ಊಟದ ಹೊತ್ತಿಗೂ ಅಲ್ಲೇ ಇದ್ದೆ.

ಅಡುಗೆಮನೆಯಿಂದ ಅಮ್ಮ ಬಂದಳು. ಅವಳು ಚಿಕ್ಕಂದಿನಿಂದ ವೀಣೆ ಕಲಿತವಳು. ಕೈ ಸೆರಗಿಗೆ ಒರೆಸಿಕೊಂಡು, ಒಂದು ತಂತಿಯ ಮೇಲೆ ಬೆರಳಿಟ್ಟು ಒತ್ತಿ ಮೀಟಿದಳು. ಎರಡು ಮೆಟ್ಟಿಲು ಮೇಲೆ ಹೋಗಿ ಮತ್ತೆ ಮೀಟಿದಳು. "ಇದಕ್ಕೆ ಮೇಳ ಕಟ್ಟಿಸಿಲ್ವೇನೋ? ಸ್ವರ ಮೆಟ್ಟಿಲ ಮೇಲೆ ಕೂರ್ತಾನೇ ಇಲ್ಲ."

ವೀಣೆಯ 24 ಮೆಟ್ಟಿಲುಗಳೂ ಮೇಣದಲ್ಲಿ ಕೂತಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಗೊತ್ತಿರುವವರ ಹತ್ತಿರ ಒಯ್ದು ಒಂದೊಂದನ್ನೂ ಕಿವಿಯಿಂದ ಕೇಳಿಸಿಕೊಂಡು ಮತ್ತೆ ಕೂರಿಸಬೇಕು. ಗಿಟಾರಿನ ಮೆಟ್ಟಿಲುಗಳನ್ನು, ಅಂದರೆ ಫ್ರೆಟ್ಟುಗಳನ್ನು, ಮರಕ್ಕೇ ಹೊಡೆದು ಕೂರಿಸಿರುತ್ತಾರೆ, ಅಲ್ಲಾಡುವುದಿಲ್ಲ. ಹಾಗಾಗಿ ಫ್ಯಾಕ್ಟರಿಯಿಂದ ಬಂದದ್ದು ಸರಿಯಾಗೇ ಇರುತ್ತದೆ ಅಂದುಕೊಂಡಿದ್ದೆ. ಇರುವುದಿಲ್ಲ. ನೆಕ್ಕಿನ, ಅಂದರೆ ಗಿಟಾರಿನ ಕತ್ತಿನ ಮರ ಹವೆಗೆ ತಕ್ಕಂತೆ ಬಾಗುತ್ತದೆ, ತಂತಿಯ ಎತ್ತರ ಹೆಚ್ಚುಕಮ್ಮಿ ಇರುತ್ತದೆ, ಬ್ರಿಜ್ ಮೇಲೆ ಪ್ರತಿ ತಂತಿಯನ್ನು ಹಿಂದೆ ಮುಂದೆ ಸರಿಸಿ ಕೂರಿಸಬೇಕಾಗುತ್ತದೆ. ಇದಕ್ಕೆ ಸೆಟಪ್ ಅನ್ನುತ್ತಾರೆ. ಅಮ್ಮನ ಭಾಷೆಯಲ್ಲಿ ಮೇಳ ಕಟ್ಟಿಸುವುದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ. ಅಗ್ಗದ ಗಿಟಾರಿನ ವಿಷಯದಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕೇ ಇರುತ್ತದೆ. ತೊಂದರೆ ಏನು ಅಂದರೆ ಹೊಸಬನಿಗೆ ಅದು ಗೊತ್ತಾಗುವುದಿಲ್ಲ. ಆರು ತಿಂಗಳು ನಾನು ನನ್ನ ಬೆರಳನ್ನೇ ಬೈದುಕೊಂಡೆ. ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲ ಗಿಟಾರ್ ಯಾವ ಕಂಪನಿಯದು ಅನ್ನುವುದಕ್ಕಿಂತ ಅದರ ನೆಲ ಸಮ ಇದೆಯಾ ಅಂತ ನೋಡಿ. ಸೆಟಪ್ಪಿನ ದುಡ್ಡನ್ನು ಮೊದಲೇ ಎತ್ತಿಡಿ. ಉಳಿದದ್ದರಲ್ಲಿ ಗಿಟಾರ್ ಹುಡುಕಿ.

ಇನ್ನು ಮನೆಯವರ ಒಂದು ಅನುಮಾನ. "ಮೊದಲು ಅಕೂಸ್ಟಿಕ್ ಕಲಿಯಲಿ, ಆಮೇಲೆ ಎಲೆಕ್ಟ್ರಿಕ್." ಅಕೂಸ್ಟಿಕ್ ಅಂದರೆ ಆಂಪ್ ಇಲ್ಲದೆ ನುಡಿಯುವ ಮರದ ಗಿಟಾರ್. ಸೈಕಲ್ ಆದಮೇಲೆ ಬೈಕು ಅನ್ನುವ ಲೆಕ್ಕ. ಈ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳು, ನೆಕ್ಕಿಗೆ ಹತ್ತಿರ ಇರುತ್ತದೆ, ಒತ್ತುವುದು ಸುಲಭ. ಅತಿ ತೆಳು ತಂತಿ ಒಂದು ಇಂಚಿನ ಸಾವಿರದಲ್ಲಿ 9 ಭಾಗ ಇರುವ ಸೆಟ್ಟನ್ನು ಅಂಗಡಿಯಲ್ಲಿ 'ನೈನ್ಸ್' ಅನ್ನುತ್ತಾರೆ. ಶುರು ಮಾಡುವವರಿಗೆ ಅದೇ ಸಾಕು. ಮಗುವಿಗೆ ಯಾವ ಸಂಗೀತ ಇಷ್ಟವೋ ಅದಕ್ಕೆ ಬೇಕಾದ ವಾದ್ಯ ಕೊಡಿಸಿ ಅಷ್ಟೆ.

ಮಾದರಿ ಯಾವುದು? ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಯಮಾಹಾ ಪೆಸಿಫಿಕಾದ ಕೆಳಗಿನ ಮಾದರಿ, ಫೆಂಡರ್‌ನವರದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಾಯರ್, ಗಿಬ್ಸನ್‌ನವರ ಎಪಿಫೋನ್, ಕಾರ್ಟ್, ಐಬನೀಜ್‌ನ ಜಿಯೋ ಸಾಲು. ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಇವುಗಳಲ್ಲಿ ಹೆಚ್ಚಿನವುಗಳ ಆಕಾರ ಹೊಸದೇನಲ್ಲ. ಫೆಂಡರ್ ಸ್ಟ್ರಾಟೋಕಾಸ್ಟರ್ ಬಂದಿದ್ದು 1954ರಲ್ಲಿ, ಗಿಬ್ಸನ್ ಲೆಸ್ ಪಾಲ್ 1952ರಲ್ಲಿ. ಎಪ್ಪತ್ತು ವರ್ಷದಿಂದ ಜನ ಅದನ್ನೇ ತಿರುಗಿಸಿ ಮುರುಗಿಸಿ ಮಾಡುತ್ತಿದ್ದಾರೆ. ಕೈ ಚಿಕ್ಕದಿದ್ದರೆ ಒಂದು ವಿಷಯ ಗಮನಿಸಿ: ಸ್ಟ್ರಾಟ್ ಜಾತಿಯಲ್ಲಿ ತಂತಿಯ ಉದ್ದ 25.5 ಇಂಚು, ಲೆಸ್ ಪಾಲ್ ಜಾತಿಯಲ್ಲಿ 24.75. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಕಿರುಬೆರಳಿಗೆ ಗೊತ್ತಾಗುತ್ತದೆ. ಆದರೆ ಲೆಸ್ ಪಾಲ್ ಜಾತಿ ಸಾಮಾನ್ಯವಾಗಿ ಭಾರ ಜಾಸ್ತಿ, ಹೆಗಲಿಗೆ ಅದೂ ಗೊತ್ತಾಗುತ್ತದೆ.

ತೇಲುವ ಬ್ರಿಜ್ ಬೇಡ. ಇದೊಂದನ್ನು ಮಾತ್ರ ಆಜ್ಞೆ ಅಂತಲೇ ಇಟ್ಟುಕೊಳ್ಳಿ. ಸ್ಟ್ರಾಟ್‌ನಲ್ಲಿ ಸಾಮಾನ್ಯವಾಗಿ ಬರುವ ಸಾದಾ ಹಿಡಿಯಾದರೆ ಪರವಾಗಿಲ್ಲ. ಹಿಡಿ ಬಿಚ್ಚಿ ಡ್ರಾಯರಿನಲ್ಲಿಟ್ಟು, ಹಿಂಬದಿಯ ಸ್ಪ್ರಿಂಗ್ ಬಿಗಿಸಿ ಬ್ರಿಜ್ಜನ್ನು ಮರಕ್ಕೆ ಅಂಟಿಸಿ ಕೂರಿಸಿದರೆ ಆಯಿತು.

ಅಕ್ಕನ ಮಗನ ಜೊತೆ ಅಂಗಡಿಗೆ ಹೋದಾಗ ಅವನು ನೇರ ಆಂಪ್ ಕಡೆ ಓಡಿದ. ತಡೆದೆ. ಮೊದಲು ವೈರ್ ಚುಚ್ಚದೆ ನುಡಿಸಿ ನೋಡಬೇಕು. ಆಂಪಿನ ಗದ್ದಲದಲ್ಲಿ ಎಲ್ಲ ಗಿಟಾರೂ ಚೆನ್ನಾಗೇ ಕೇಳಿಸುತ್ತದೆ. ನೆಕ್ಕಿನ ಅಂಚಿನ ಮೇಲೆ ಹೆಬ್ಬೆರಳು ಸವರಿಕೊಂಡು ಹೋಗು ಅಂದೆ. ಮೊದಲನೆಯದರಲ್ಲಿ ಫ್ರೆಟ್ಟಿನ ತುದಿಗಳು ಗರಗಸದ ಹಾಗೆ ಕಚ್ಚಿದವು. ಬದಿಗಿಟ್ಟೆವು. ಎರಡನೆಯದನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ನೆಕ್ ಉದ್ದಕ್ಕೂ ನೋಡಿದೆವು. ತಿರುಚಿರಲಿಲ್ಲ. ಆಮೇಲೆ ನಾನು ಪರ್ಸಿನಿಂದ ಎಟಿಎಂ ಕಾರ್ಡುಗಳನ್ನು ತೆಗೆದೆ. ಅಂಗಡಿಯ ಹುಡುಗ ಬಿಲ್ಲಿಗೆ ಅಂದುಕೊಂಡು ಖುಷಿಯಾದ, ಪಾಪ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. 12ನೇ ಫ್ರೆಟ್ಟಿನ ಮೇಲೆ, ದಪ್ಪ ತಂತಿಯ ಕೆಳಗೆ ಎರಡು ಕಾರ್ಡು ಜೋಡಿಸಿ ತೂರಿಸಿದರೆ ಸಲೀಸಾಗಿ ಹೋಗಬೇಕು. ನಾಲ್ಕು ಹೋದರೆ ತಂತಿ ತೀರಾ ಎತ್ತರ ಅಂತ ಅರ್ಥ. ನಮ್ಮದರಲ್ಲಿ ಮೂರು ಹೋಯಿತು. ಸೆಟಪ್ಪಿನಲ್ಲಿ ಇಳಿಸಬಹುದು.

ಕೊನೆಗೆ ಶ್ರುತಿ ಪರೀಕ್ಷೆ. ಟ್ಯೂನರ್ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಬಿಟ್ಟ ತಂತಿಯನ್ನು ಸೇರಿಸಿಕೊಳ್ಳಿ. 12ನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಮುಳ್ಳು ಸ್ವಲ್ಪ ಆಚೀಚೆ ಇದ್ದರೆ ಬ್ರಿಜ್ಜಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ನಂತರ ಒಂದು ಸಲ ಎಲ್ಲ ತಂತಿ, ಎಲ್ಲ ಫ್ರೆಟ್ಟು ಒತ್ತುತ್ತಾ ಹೋಗಿ. ಎಲ್ಲಾದರೂ ಒಂದೇ ಜಾಗದಲ್ಲಿ ಜಿರ್ ಅಂದು ಸ್ವರ ಸತ್ತರೆ ಅಲ್ಲಿ ಫ್ರೆಟ್ಟು ಎದ್ದಿದೆ. ಅಂಥದ್ದನ್ನು ಬಿಟ್ಟುಬಿಡಿ. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ಆಂಪ್. ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬ್ಯಾಂಡುಗಳು ನುಡಿಸಿದ್ದನ್ನು ಜನ ಇನ್ನೂ ಮಾತಾಡುತ್ತಾರೆ. ಆಂಪ್ ಅಂದ ತಕ್ಷಣ ತಲೆಯಲ್ಲಿ ಬರುವುದು ಅಂಥ ವೇದಿಕೆ. ನೀವು ನುಡಿಸುವುದು ಮಾತ್ರ ಹತ್ತಕ್ಕೆ ಹನ್ನೊಂದರ ರೂಮಿನಲ್ಲಿ, ಕೆಳಗೆ ಓನರ್ ಆಂಟಿ ಸೀರಿಯಲ್ ನೋಡುತ್ತಿರುವಾಗ. 10 ವ್ಯಾಟ್ ಆಂಪನ್ನು ಅರ್ಧ ತಿರುಗಿಸಿದರೆ ಸಾಕು, ಆಂಟಿ ಮೇಲೆ ಬರುತ್ತಾರೆ. ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟು ಆಗುವುದಿಲ್ಲ, 3 ಡೆಸಿಬಲ್ ಏರುತ್ತದೆ ಅಷ್ಟೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ವ್ಯಾಟ್ ಲೆಕ್ಕ ಬಿಡಿ. ಹೆಡ್‌ಫೋನ್ ತೂತು ಇದೆಯಾ ನೋಡಿ. ಈ ಊರಿನ ಬಾಡಿಗೆ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೂತು ಅದು.

ವಾಕ್ಸ್ ಪಾತ್‌ಫೈಂಡರ್ 10, ಆರೆಂಜ್ ಕ್ರಷ್ 12 ಥರದ್ದು ಸಾದಾ, ಗಟ್ಟಿ. ಫೆಂಡರ್ ಮಸ್ಟಾಂಗ್ ಎಲ್‌ಟಿ25 ಥರದ್ದರಲ್ಲಿ ಒಂದೇ ಡಬ್ಬದೊಳಗೆ ಹತ್ತಾರು ಆಂಪುಗಳ ಬಣ್ಣ ಇರುತ್ತದೆ, ಬೆಲೆಯೂ ಜಾಸ್ತಿ. ದುಡ್ಡು ತೀರಾ ಬಿಗಿ ಇದ್ದರೆ ಆಂಪೇ ಬೇಡ. ವಾಕ್ಸ್ ಆಂಪ್ಲಗ್ ಅಂತ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಬರುತ್ತದೆ. ಗಿಟಾರಿಗೇ ಚುಚ್ಚಿ ಹೆಡ್‌ಫೋನ್ ಹಾಕಿಕೊಳ್ಳುವುದು. ಎರಡು ಸಣ್ಣ ಎಎಎ ಸೆಲ್ ಹಾಕಿದರೆ ಕರೆಂಟ್ ಹೋದರೂ ನಡೆಯುತ್ತದೆ. ನಾನೇನೋ ಮೊದಲ ವರ್ಷ ಇದೇ ಸಾಕು ಅನ್ನುವವನು. ಗೆಳೆಯರು ಒಪ್ಪುವುದಿಲ್ಲ. ಗಾಳಿ ಅಲ್ಲಾಡಬೇಕು, ಸ್ಪೀಕರ್ ಎದೆಗೆ ತಾಗಬೇಕು ಅನ್ನುತ್ತಾರೆ. ಅದೂ ಸುಳ್ಳಲ್ಲ.

ಮನೆಯ ಹೋಮ್ ಥಿಯೇಟರಿಗೆ ನೇರ ಚುಚ್ಚಬಹುದಾ ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ಸದ್ದು ಬರುತ್ತದೆ, ಆದರೆ ಮಂಕಾಗಿ, ಜೀವವಿಲ್ಲದೆ. ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ್ದು. ಉಕ್ಕಿನ ತಂತಿ ಅದರ ಮುಂದೆ ಅಲುಗಿದಾಗ ತುಂಬಾ ಸಣ್ಣ ಕರೆಂಟು ಹುಟ್ಟುತ್ತದೆ. ಅದನ್ನು ಎಳೆದು ಸುಸ್ತು ಮಾಡದೆ ಕೇಳಿಸಿಕೊಳ್ಳುವ ಇನ್‌ಪುಟ್ ಬೇಕು. ಹೋಮ್ ಥಿಯೇಟರಿನದ್ದು ಅಂಥದ್ದಲ್ಲ.

ಆ ಪಿಕಪ್ಪೇ ಗುಂಯ್ ಅನ್ನುವ ಸದ್ದಿಗೂ ಕಾರಣ. ಒಂಟಿ ಸುರುಳಿಯ ಪಿಕಪ್ ತಂತಿಯನ್ನಷ್ಟೇ ಅಲ್ಲ, ಗೋಡೆಯೊಳಗಿನ ವೈರು, ಟ್ಯೂಬ್‌ಲೈಟಿನ ಚೋಕು, ಅಡಾಪ್ಟರು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಎರಡು ಸುರುಳಿಯ ಉಪಾಯ ಮಾಡಿದ. ಒಂದರ ಗುಂಯ್ ಇನ್ನೊಂದರ ಗುಂಯ್ ಅನ್ನು ಹೊಡೆದುಹಾಕುತ್ತದೆ. ಅದೇ ಹಂಬಕರ್. ಬ್ರಿಜ್ ಹತ್ತಿರ ಒಂದು ಹಂಬಕರ್, ಉಳಿದೆರಡು ಒಂಟಿ ಇರುವ ಗಿಟಾರ್ ಸಿಕ್ಕರೆ ಎರಡೂ ರುಚಿ ನೋಡಬಹುದು. ಗುಂಯ್ ಅಂತಿದ್ದರೆ ಕೂತಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಕಡಿಮೆಯಾಗುತ್ತದೆ. ತಂತಿ ಮುಟ್ಟಿದಾಗ ಕಡಿಮೆಯಾದರೆ ಅದು ಮಾಮೂಲು. ಆದರೆ ತಂತಿ ಮುಟ್ಟಿದಾಗ ಬೆರಳು ಜುಮ್ ಅಂದರೆ ಮಾಮೂಲಲ್ಲ. ತಕ್ಷಣ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ನಾನಿದ್ದ ಹಳೇ ಬಾಡಿಗೆ ಮನೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಮೂರನೇ ತೂತಿನ ಹಿಂದೆ ಅರ್ತಿಂಗ್ ವೈರೇ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಧಾರಾಳವಾಗಿ. ಬೆಂಗಳೂರಿನಲ್ಲಿ ಕೆಲಸ ಬದಲಾಯಿಸಿ ಊರು ಬಿಡುವವರು, ಉತ್ಸಾಹ ಇಳಿದವರು ಬೇಕಾದಷ್ಟು. ಎಷ್ಟೋ ಗಿಟಾರು ಮಂಚದ ಕೆಳಗೆ ಹೊಸದಾಗೇ ಇರುತ್ತದೆ. ಫ್ರೆಟ್ಟಿನ ಮೇಲೆ ತಂತಿ ಕೊರೆದ ಗುಳಿ ಇದೆಯಾ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದಾ ನೋಡಿ. ಕರಕರ ಅಂದರೆ ಚೌಕಾಸಿಗೆ ಒಳ್ಳೆಯದು, ರಿಪೇರಿ ಸಣ್ಣದು. ಜ್ಯಾಕು, ಕೇಬಲ್ಲು ಎಸ್.ಪಿ. ರೋಡಿನಲ್ಲಿ ಸಿಗುತ್ತವೆ.

ಅಕ್ಕನ ಮಗನ 25,000ದಲ್ಲಿ ಹೊಸ ಗಿಟಾರಿಗೆ ಹದಿನಾರೂವರೆ ಹೋಯಿತು. ಸಣ್ಣ ಆಂಪ್, ಅದೂ ಸೆಕೆಂಡ್ ಹ್ಯಾಂಡ್, ಐದು ಸಾವಿರ. ಸೆಟಪ್ಪಿಗೆ ಸಾವಿರದ ಇನ್ನೂರು. ಕೇಬಲ್, ಎರಡು ಸೆಟ್ ತಂತಿ, ಬೆಲ್ಟು, ತಂತಿ ಮೀಟುವ ಪ್ಲೆಕ್ಟ್ರಂ ಹತ್ತು ಕೊಂಡಮೇಲೆ ಉಳಿದದ್ದು ದೋಸೆಗೆ ಆಯಿತು. ಪ್ಲೆಕ್ಟ್ರಂ ಹತ್ತು ಯಾಕೆ ಅಂತ ಕೇಳಿದ. ಒಂದು ತಿಂಗಳಲ್ಲಿ ಒಂಬತ್ತು ಕಳೆಯುತ್ತೀಯ ಅಂದೆ.

ಸೆಟಪ್ ಆಗಿ ಬಂದ ದಿನ ಅವನು ಅದನ್ನು ಅಜ್ಜಿಗೆ ತೋರಿಸಲು ತಂದ. ಅಮ್ಮ ಕನ್ನಡಕ ಹಾಕಿಕೊಂಡು ಹಳೇ ಥರವೇ ಒತ್ತಿ ಮೀಟಿದಳು. ಈ ಸಲ ಏನೂ ಅನ್ನಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ 12ರವರೆಗೂ ಹೋದಳು. ಆಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಳು, ವೀಣೆಯಲ್ಲಿ ಎಳೆಯುವ ಹಾಗೆ. ತೆಳು ತಂತಿ, ಸುಲಭವಾಗಿ ಬಂತು. ಆಂಪಿನಿಂದ ಸ್ವರ ಮೆಲ್ಲಗೆ ಮೇಲೇರಿತು. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಈಗ ನೀನು ಎಳಿ," ಅಂದಳು. ಅವನು ಎಳೆದ.

"ಇನ್ನೂ ಸ್ವಲ್ಪ. ಗಾಂಧಾರ ಇನ್ನೂ ಬಂದಿಲ್ಲ."